ಹತ್ತನೆಯ ಮಾತು

ಹೊನ್ನಾವರದ ಬಂದರಿನಿಂದ ಮೇಲೆ ಬರುವ ಓಣಿಯಲ್ಲಿ ಯಹೂದಿಗಳ ಪ್ರಾರ್ಥನಾ ಮನೆ ಇತ್ತು. ಊರಿನವರು ಅದನ್ನು ಶನಿವಾರದವರ ಮಂದಿರ ಎನ್ನುತ್ತಿದ್ದರು. ಶನಿವಾರ ಕೆಲಸಕ್ಕೆ ಹೋಗದ, ಒಲೆಗೆ ಬೆಂಕಿಯನ್ನೂ ಹಚ್ಚದ ಜನಕ್ಕೆ ಬೇರೆ ಹೆಸರು ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಮನೆಯಲ್ಲಿ ಮರಾಠಿ ಆಡುವ ಅವರು ಮಾತ್ರ ಅದನ್ನು ಮಶೀದಿ ಎಂದೇ ಕರೆಯುತ್ತಿದ್ದರು. ಭಟ್ಕಳದ ಮುಸ್ಲಿಂ ಗೆಳೆಯರು ಇದನ್ನು ಕೇಳಿ, ‘ನಮ್ಮದನ್ನ ನೀವು ಯಾವಾಗ ತಗೊಂಡ್ರಿ?’ ಎಂದು ನಗುತ್ತಿದ್ದರು.

ಮುಂಬಯಿ ಇಲಾಖೆಯ ಕಾಲದಲ್ಲಿ ಮರದ ನಾಟಾ ಡಿಪೋದ ಕೆಲಸಕ್ಕೆ, ಪೊಲೀಸು ಕೆಲಸಕ್ಕೆ ಎಂದು ಬಂದು ನಿಂತ ಕುಟುಂಬಗಳು ಅವು. ಅರ್ಧಕ್ಕರ್ಧ ಜನ ಆಗಲೇ ಇಸ್ರೇಲಿಗೆ ಹೋಗಿದ್ದರು. ಹೊನ್ನಾವರದಲ್ಲಿ ಕೆಲವರು, ಕುಮಟಾದಲ್ಲಿ ಎರಡು ಮನೆ, ಭಟ್ಕಳದಲ್ಲಿ ಒಂದು ಮನೆ ಉಳಿದಿತ್ತು. ದೂರದವರು ಶುಕ್ರವಾರ ಹೊತ್ತು ಮುಳುಗುವ ಮೊದಲೇ ಬಸ್ಸಿಳಿದು, ಶನಿವಾರ ರಾತ್ರಿಯವರೆಗೆ ಅಲ್ಲೇ ಚಾಪೆ ಹಾಸಿಕೊಂಡು ಇರುತ್ತಿದ್ದರು.

ಲೀಯಾ ಆ ಸಂಜೆ ಮಾವನ ಹಿಂದೆ ಹಿಂದೆ ನಡೆದು ಬಂದಳು. ದೀಪಾವಳಿಗೆ ಇನ್ನೊಂದು ವಾರವಿತ್ತು. ಅವರಿಗೆ ಅಂದು ಸಿಮ್ಹಾ ತೋರಾ ಹಬ್ಬ. ವರ್ಷವಿಡೀ ಓದಿದ ಧರ್ಮಗ್ರಂಥ ಮುಗಿದು, ಮತ್ತೆ ಮೊದಲಿನಿಂದ ಶುರುವಾಗುವ ದಿನ. ಅದನ್ನು ಬರೆದ ಚರ್ಮದ ಸುರುಳಿಗಳನ್ನು ಮಗುವಿನ ಹಾಗೆ ಎತ್ತಿಕೊಂಡು ಗಂಡಸರು ಹಾಡುತ್ತ, ಕುಣಿಯುತ್ತ ಏಳು ಸುತ್ತು ಬರುತ್ತಾರೆ. ಹೆಂಗಸರು ಮೇಲಿಂದ ಪೆಪ್ಪರಮೆಂಟು ಎರಚುತ್ತಾರೆ. ಅವಳ ಕೈಗೂ ಯಾರೋ ಒಂದು ಪೊಟ್ಟಣ ಕೊಟ್ಟರು. ಅವಳು ತೆಗೆದುಕೊಂಡಳು. ಹನ್ನೊಂದು ತಿಂಗಳಿಂದ ಯಾರು ಏನು ಕೊಟ್ಟರೂ ಹೀಗೇ ತೆಗೆದುಕೊಳ್ಳುತ್ತಿದ್ದಳು.

ಅವಳ ಗಂಡ ಬಿನ್ಯಾಮಿನ್ ಗೇರುಸೊಪ್ಪದ ಘಾಟಿಯಲ್ಲಿ ನಾಟಾ ಲಾರಿ ಮಗುಚಿ ಸತ್ತಿದ್ದ. ಸುದ್ದಿ ಬಂದಾಗ ಲೀಯಾ ಅಕ್ಕಿ ಆರಿಸುತ್ತಿದ್ದಳು; ಕೇಳಿಸಿಕೊಂಡು, ಉಳಿದ ಅಕ್ಕಿಯನ್ನೂ ಆರಿಸಿ ಮುಗಿಸಿದಳು. ಅಂದಿನಿಂದ ಅತ್ತಿರಲಿಲ್ಲ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವಳು, ಹಾಗಾಗಿ ಗಟ್ಟಿ ಎಂದು ಜನ ಹೇಳಿದರು. ಗಟ್ಟಿಯೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಏನೂ ತಾಗುತ್ತಿರಲಿಲ್ಲ, ಅಷ್ಟೆ.

ಮಕ್ಕಳಿರಲಿಲ್ಲ. ಸತ್ತವನಿಗಾಗಿ ಹೇಳಬೇಕಾದ ಕದ್ದೀಶ್ ಪ್ರಾರ್ಥನೆಯನ್ನು ಹೇಳಲು ಮಗನಿಲ್ಲ. ಹಾಗಾಗಿ ಮಾವ ಸ್ಯಾಮ್ಸನ್ ತಾನೇ ನಿಂತು ಹೇಳಿದರು, ಪ್ರತಿ ಶುಕ್ರವಾರ, ಪ್ರತಿ ಶನಿವಾರ. ಹನ್ನೊಂದು ತಿಂಗಳು ಹೇಳಬೇಕು. ಇಂದಿನದು ಕೊನೆಯದು. ಇದೊಂದು ಮುಗಿದರೆ ತಾನೂ ಕಣ್ಣು ಮುಚ್ಚಬಹುದು ಎಂಬ ಹಾಗೆ ಮುದುಕರು ಹೊಸ ಅಂಗಿ ತೊಟ್ಟು ಬಂದಿದ್ದರು.

ಕದ್ದೀಶ್ ಹೇಳುವುದಕ್ಕೂ ಸುರುಳಿಗಳನ್ನು ಹೊರತೆಗೆಯುವುದಕ್ಕೂ ಹತ್ತು ಜನ ಯಹೂದಿ ಗಂಡಸರು ಬೇಕು. ಒಬ್ಬ ಕಡಿಮೆಯಾದರೂ ಆಗದು. ಆದರೆ ಮನುಷ್ಯರನ್ನು ದನಗಳ ಹಾಗೆ ಒಂದು, ಎರಡು ಎಂದು ಎಣಿಸುವಂತಿಲ್ಲ. ಹತ್ತೇ ಮಾತುಗಳಿರುವ ಒಂದು ಹೀಬ್ರೂ ವಚನದಿಂದ ಎಣಿಸುತ್ತಾರೆ. ಪ್ರಾರ್ಥನೆ ನಡೆಸುವ ಹಾಯೆಮ್ ಕಾಕಾನ ಕಣ್ಣು ಪೊರೆ ಬಂದು ಹೋದ ಮೇಲೆ, ಒಬ್ಬೊಬ್ಬರೂ ಒಂದೊಂದು ಮಾತು ಹೇಳುವ ಪದ್ಧತಿ ಬಂದಿತ್ತು. ಹತ್ತನೆಯ ಮಾತು ಕೇಳಿತೋ, ಕಾಕಾ ಮೇಜು ತಟ್ಟಿ ಶುರುಮಾಡುತ್ತಿದ್ದ. ಆ ಕೊನೆಯ ಮಾತು ಬಾಗಿಲ ಪಕ್ಕ ಕೂರುವ ಬಿನ್ಯಾಮಿನನದಾಗಿತ್ತು.

ಹೆಂಗಸರ ಜಾಗ ಅಟ್ಟದ ಮೇಲೆ, ಮರದ ಜಾಲರಿಯ ಹಿಂದೆ. ಲೀಯಾ ಹನ್ನಾಬಾಯಿಯ ಪಕ್ಕ ಕುಳಿತಳು. ಹನ್ನಾಬಾಯಿ ಕುಮಟಾದ ಮುದುಕಿ, ಬಾಯಿ ಸುಮ್ಮನಿರದವಳು.

‘ಕರೆಂಟು ಹಬ್ಬ ನೋಡೇ ಹೋಗ್ತದೆ ಕಾಣು. ದೇವು ಬಂದ್ನಾ?’

ಬಂದಿದ್ದ. ಜಗಲಿಯಲ್ಲಿ ಗ್ಯಾಸ್‌ಲೈಟಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು. ದೇವು ಹರಿಕಂತ್ರ ಪಕ್ಕದ ಮನೆಯವನು, ದೋಣಿಯವನು. ಶುಕ್ರವಾರ ರಾತ್ರಿ, ಹಬ್ಬದ ದಿನ ಬೆಂಕಿ ಮುಟ್ಟದವರಿಗೆ ದೀಪ ಹಚ್ಚಿಕೊಡುವುದು ಅವನ ಅಪ್ಪನ ಕಾಲದಿಂದ ನಡೆದುಬಂದದ್ದು. ಹನುಕ್ಕಾ ಹಬ್ಬದ ಸಂಜೆಗಳಲ್ಲಿ ಹೆಂಗಸರು ಮರಾಠಿ ಕೀರ್ತನೆ ಹಾಡುವಾಗ ಹಾರ್ಮೋನಿಯಂ ಬಾರಿಸುತ್ತಿದ್ದವನೂ ಅವನೇ. ವಾದ್ಯ ಮುಟ್ಟಬಾರದ ಇಂಥ ಹಬ್ಬಗಳಲ್ಲಿ ಜಗಲಿಯಲ್ಲೇ ಕುಳಿತು ಹೀಬ್ರೂ ಹಾಡುಗಳಿಗೆ ದನಿ ಸೇರಿಸುತ್ತಿದ್ದ. ಅವನ ಬಾಯಲ್ಲಿ ಅವು ಬಯಲಾಟದ ಪದದ ಹಾಗೆ ಮೇಲೇರುತ್ತಿದ್ದವು. ‘ನಿನ್ನ ಹಾಡಿಗೆ ಬಂಗಡೆ ವಾಸ್ನೆ ಮಾರಾಯ’ ಎಂದು ಹಾಯೆಮ್ ಕಾಕಾ ಛೇಡಿಸಿದರೆ, ‘ಕಾಕಾ, ನಿಮ್ಮ ದೇವ್ರು ಬಂಗಡೆ ತಿನ್ನುದಿಲ್ವಾ?’ ಎನ್ನುತ್ತಿದ್ದ. ಅವನೂ ಬಿನ್ಯಾಮಿನನೂ ಒಂದೇ ಶಾಲೆಯಲ್ಲಿ ಒಂದೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವರು.

ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ ಲೀಯಾಳ ಅಣ್ಣ ಮೋಶೆ ಒಳಗೆ ಬಂದ. ಮುಂಬಯಿ ಹತ್ತಿರದ ಠಾಣೆಯಿಂದ ಎರಡು ಬಸ್ಸು ಬದಲಿಸಿ, ಹಿಂಬದಿಯ ಬಾವಿಯಲ್ಲಿ ಕೈಕಾಲು ತೊಳೆದು, ಹಿಂಬಾಗಿಲಿನಿಂದಲೇ ಬಂದ. ಕೊನೆಯ ಕದ್ದೀಶಿಗೆ ಬರುತ್ತೇನೆ ಎಂದಿದ್ದವನು ಬಸ್ಸು ಕೆಟ್ಟು ತಡವಾಗಿದ್ದ. ಅಲ್ಲಿನ ಮಕ್ಕಳಿಗೆ ಪ್ರಾರ್ಥನೆ ಕಲಿಸುವವನು, ಕಟ್ಟುನಿಟ್ಟಿನ ಮನುಷ್ಯ. ಬಾಗಿಲ ಪಕ್ಕದ ಒಂದೇ ಜಾಗ ಖಾಲಿ ಇತ್ತು. ಅಲ್ಲಿ ಕುಳಿತ. ಅವನು ಬಂದದ್ದು ಜಗಲಿಯಲ್ಲಿದ್ದ ದೇವುವಿಗೆ ಗೊತ್ತಾಗಲಿಲ್ಲ. ಹೇಳುವ ವ್ಯವಧಾನ ಒಳಗಿದ್ದವರಿಗೂ ಇರಲಿಲ್ಲ, ಹಾಯೆಮ್ ಕಾಕಾ ಆಗಲೇ ಗಂಟಲು ಸರಿಪಡಿಸಿಕೊಂಡಿದ್ದ.

ಕಾಕಾ ಮೊದಲ ಮಾತು ಹೇಳಿದ. ಎರಡನೆಯದು ಸ್ಯಾಮ್ಸನ್. ಮಾತು ಬೆಂಚಿನಿಂದ ಬೆಂಚಿಗೆ ದಾಟಿತು. ಹತ್ತನೆಯದನ್ನು ಮೋಶೆ ಹೇಳಿದ. ಅದೇ ಉಸಿರಿಗೆ ಜಗಲಿಯಿಂದಲೂ ಅದೇ ಮಾತು ಬಂತು.

ಕಾಕಾನ ಕೈ ಮೇಜಿನ ಮೇಲೆ ಎದ್ದದ್ದು ಎದ್ದಂತೆಯೇ ನಿಂತಿತು.

‘ಯಾರದು? ಎರಡು ಬಾಯಿ ಬಂತಲ್ಲ?’



‘ನಾನು ಮೋಶೆ, ಲೀಯಾಳ ಅಣ್ಣ. ಈಗಷ್ಟೆ ಬಂದೆ.’

‘ಬಾ ಮಗಾ, ಒಳ್ಳೇದಾತು. ಇನ್ನೊಂದು ಯಾರು?’

ಮೋಶೆ ಎದ್ದು ಬಾಗಿಲಿಗೆ ಹೋದ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ದೇವು ನಿಂತಿದ್ದ, ಬೆಂಕಿಪೊಟ್ಟಣ ಕೈಯಲ್ಲಿತ್ತು.

‘ಹೇಳಿದ್ದು ನೀನಾ?’

‘ಹೌದು.’

‘ನೀ ಯಾರು?’

‘ದೇವು. ದೀಪ ಹಚ್ಚೂಕೆ ಬಂದದ್ದು.’

ಒಳಗೆ ಯಾರಿಗೋ ನಗೆ ಬಂತು. ಅದು ಕೆಮ್ಮಾಗಿ ಮುಗಿಯಿತು. ಮೋಶೆ ತಿರುಗಿ ಬೆಂಚುಗಳನ್ನು ನೋಡಿದ. ಎಲ್ಲರೂ ಕಾಲ ಬೆರಳು ನೋಡುತ್ತಿದ್ದರು.

‘ಹಾಗಾದರೆ ನಾನಿಲ್ಲದಾಗ ಹತ್ತನೆಯವ ಯಾರು?’

ಮೇಲೆ ಜಾಲರಿಯ ಹಿಂದೆ ಲೀಯಾಳ ಕೈಯಿಂದ ಪೊಟ್ಟಣ ಜಾರಿ ಪೆಪ್ಪರಮೆಂಟು ಹಲಗೆಯ ಮೇಲೆ ಉರುಳಿದವು.

ಬಿನ್ಯಾಮಿನ್ ಇದ್ದಾಗ ಅವರು ಹತ್ತು. ಹತ್ತೇ. ಅವನು ಹೋದ ಮೇಲೆ ಒಂಬತ್ತು. ಇದಕ್ಕೆ ಧಾರವಾಡ ಬೇಕಾಗಿರಲಿಲ್ಲ, ಬೆರಳು ಸಾಕಿತ್ತು. ಪ್ರತಿ ಶುಕ್ರವಾರ ಅವಳು ಇಲ್ಲೇ ಕುಳಿತಿದ್ದಳು. ವಚನ ಮುಗಿಯುವುದನ್ನೂ ಮೇಜಿನ ತಟ್ಟನ್ನೂ ಕೇಳಿದ್ದಳು. ಗಂಡನ ಮಾತನ್ನು ಈಗ ಯಾರು ಹೇಳುತ್ತಿದ್ದಾರೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಅವನು ಇಲ್ಲ ಎಂಬುದು ಇಡೀ ಜಗತ್ತಿನಲ್ಲಿ ಕಿವಿಗೆ ಕೇಳಿಸಬೇಕಾಗಿದ್ದ ಜಾಗ ಅದೊಂದೇ. ಅವಳಿಗೆ ಕೇಳಿಸಿರಲಿಲ್ಲ.

‘ಕುಮಟಾದ ಹುಡುಗ ಅಂದ್ರಲ್ಲ ನೀವು!’ ಹಾಯೆಮ್ ಕಾಕಾ ಬೆಂಚುಗಳ ಕಡೆ ಮುಖ ತಿರುಗಿಸಿದ. ‘ಹನ್ನಾಬಾಯಿಯ ಸಂಬಂಧಿ, ನಾಚಿಕೆಯವ, ದನಿ ಎತ್ತೂದಿಲ್ಲ, ಬಾಗ್ಲ ಬಿಟ್ಟು ಒಳಗೆ ಬರೂದಿಲ್ಲ ಅಂದ್ರಲ್ಲ!’

ಲೀಯಾ ಪಕ್ಕಕ್ಕೆ ತಿರುಗಿದಳು. ಹನ್ನಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಇವಳಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

‘ನಂಗೆ ಕಣ್ಣು ಹೋದದ್ದು ದೇವರ ಕೆಲಸ. ಇದು ನಿಮ್ಮ ಕೆಲಸ’ ಎಂದ ಕಾಕಾ.

ಸ್ಯಾಮ್ಸನ್ ಎದ್ದು ನಿಂತರು. ‘ಕಾಕಾ, ಬಯ್ಯೂದಾದ್ರೆ ನನ್ನ ಬಯ್ಯಿ. ನನ್ನ ಮಗ ಬೆಂಜಿ ಹೋದ ಮೇಲೆ ಮೊದಲ್ನೇ ಶುಕ್ರವಾರ ವಚನ ಒಂಬತ್ತಕ್ಕೆ ನಿಂತ್ತು. ಮಗನಿಗಾಗಿ ಹೇಳ್ವಾ ಅಂದ್ರೆ ಮಗನೇ ಕಡಿಮೆ. ನಾ ಪುಸ್ತಕ ಮುಚ್ಚೂಕೆ ಹೊರಟಿದ್ದೆ. ಅಷ್ಟೊತ್ತಿಗೆ ಬಾಗ್ಲ ಹತ್ರ ಆ ಮಾತು ಕೇಳ್ತು. ನಾ ತಿರುಗಿ ನೋಡ್ಲಿಲ್ಲ. ತಿರುಗಿದ್ರೆ ಯಾರು ಅಂತ ಗೊತ್ತಾಗ್ತಿತ್ತು.’

‘ಆಮೇಲೂ ತಿರುಗಲಿಲ್ಲವಾ ಮಾಮಂಜಿ? ಹನ್ನೊಂದು ತಿಂಗಳು?’ ಮೋಶೆ ಕೇಳಿದ.

‘ಇಲ್ಲ.’

ಮೋಶೆ ಹಣೆ ಒತ್ತಿಕೊಂಡ. ಅವನಿಗೂ ಬಿನ್ಯಾಮಿನ್ ಬೇಕಾದವನೇ. ಆದರೆ ಮಾತು ಬಂದಾಗ ಕಲ್ಲಿನ ಹಾಗೆ ಬಂತು.

‘ಹೇಳಿದ್ದು ಒಂದೂ ಲೆಕ್ಕಕ್ಕಿಲ್ಲ. ಇಂದು ಹೇಳಿದರೆ ಅದೇ ಮೊದಲನೆಯದು. ಪೂರ್ತಿ ಆಗಬೇಕಾದರೆ ನೀವೂ ಲೀಯಾಳೂ ನನ್ನ ಜೊತೆ ಠಾಣೆಗೆ ಬನ್ನಿ. ಅಲ್ಲಿ ದಿನಾ ಹತ್ತಲ್ಲ, ಐವತ್ತು ಜನ ಇರುತ್ತಾರೆ.’

‘ಮತ್ತೆ ಇಲ್ಲಿ?’ ಯಾರೋ ಕೇಳಿದರು.

‘ಇಲ್ಲಿ ಹೇಗೂ ಹತ್ತಾಗುವುದಿಲ್ಲ.’

ಸ್ಯಾಮ್ಸನ್ ಕುಳಿತುಬಿಟ್ಟರು. ಹೊಸ ಅಂಗಿಯ ಕಾಲರು ಕಿವಿಯವರೆಗೆ ಎದ್ದು ನಿಂತಿತ್ತು. ‘ಈ ವಯಸ್ಸಿಗೆ ಇನ್ನೊಂದ್ಸಲ ಎಲ್ಲಿಂದ ಶುರು ಮಾಡ್ಲಿ?’ ಎಂದರು, ಯಾರಿಗೂ ಅಲ್ಲದ ಹಾಗೆ.

 ಹಾಯೆಮ್ ಕಾಕಾ ಮುಖವನ್ನು ಅಟ್ಟದ ಕಡೆ ಎತ್ತಿದ.

‘ಸತ್ತವ ಅವಳ ಗಂಡ. ಅವಳು ಹೇಳ್ಲಿ. ಲೀಯಾ, ಇದ್ಯಾ ಮಗಾ?’

ಹನ್ನಾಬಾಯಿ ಅವಳ ಮೊಣಕೈ ಹಿಡಿದಳು. ‘ಸುಮ್ನಿರು. ಹೆಂಗಸ್ರು ಇಲ್ಲಿ ಮಾತಾಡೂದಿಲ್ಲ.’

ಲೀಯಾ ಎದ್ದಳು. ಹಲಗೆ ಮೆಟ್ಟಿಲಿಳಿದು ಗಂಡಸರ ನಡುವೆ ಬಂದಳು. ಮೈ ಅವಳದಲ್ಲದ ಹಾಗೆ ತಣ್ಣಗಿತ್ತು. ಅಣ್ಣನನ್ನು ದಾಟಿ ಬಾಗಿಲಿಗೆ ಹೋದಳು. ದೇವು ಜಗಲಿಯಿಂದ ಇಳಿದು ಅಂಗಳದಲ್ಲಿ ನಿಂತಿದ್ದ, ಓಡುವುದೋ ಇರುವುದೋ ಗೊತ್ತಾಗದೆ.

‘ಎಲ್ಲ ಶುಕ್ರವಾರ, ಶನಿವಾರನೂ ಬಂದ್ಯಾ?’

‘ಬಂದೆ, ಬಾಯೋರೆ.’

‘ಆಳಸಮುದ್ರಕ್ಕೆ ಹೋಗೂ ದಿನ?’

‘ಶುಕ್ರವಾರ, ಶನಿವಾರ ಹೋಗ್ಲಿಲ್ಲ.’ ಅವನು ತಲೆ ತಗ್ಗಿಸಿದ. ‘ತಪ್ಪು ಅಂತ ಗೊತ್ತಿತ್ತು. ಆ ಮೊದಲ್ನೇ ದಿನ ಎಲ್ಲರೂ ಸುಮ್ಮನಾದ್ರು. ಅವ ಹೇಳ್ಬೇಕಾಗಿದ್ದದ್ದು. ನಂಗೆ ತಡೀಲಿಲ್ಲ.’

ಲೀಯಾ ಅವನನ್ನೇ ನೋಡಿದಳು. ಆ ಮೊದಲ ಶುಕ್ರವಾರದ ಮೌನ ಇವನಿಗೆ ತಡೆಯಲಾಗಲಿಲ್ಲ. ಅವಳು ತಡೆದುಕೊಂಡಿದ್ದಳು. ಸಲೀಸಾಗಿ ತಡೆದುಕೊಂಡಿದ್ದಳು.

ಅವಳು ಒಳಕ್ಕೆ ತಿರುಗಿದಳು. ದನಿ ತನಗೇ ಅಪರಿಚಿತವಾಗಿ ಕೇಳಿಸಿತು.

‘ನಾನು ಠಾಣೆಗೆ ಬರುವುದಿಲ್ಲ, ದಾದಾ. ಮಾಮಂಜಿಯೂ ಬರುವುದಿಲ್ಲ. ಇಂದು ಹತ್ತು ಜನ ಇದ್ದೀರಿ. ಇಂದು ಹೇಳಲಿ.’

‘ಒಂದೇ ಸಲವಾ?’

‘ಒಂದೇ ಸಲ. ಮುಂದೆ ಎಂದಾದರೂ ಹತ್ತಾದರೆ ಆಗ ಮತ್ತೆ. ದೇವು ಒಳಗೆ ಕೂರಲಿ. ಎಣಿಕೆಗಲ್ಲ. ಕೂರಲಿ, ಅಷ್ಟೆ.’

ಮೋಶೆ ಏನೋ ಹೇಳಲು ಬಾಯಿ ತೆರೆದ. ಹಾಯೆಮ್ ಕಾಕಾ ಮೇಜು ತಟ್ಟಿದ. ‘ಆತು. ಕೇಳ್ತಲ್ಲ? ವಚನ ಮತ್ತೆ ಮೊದಲಿಂದ.’

ಲೀಯಾ ಅಟ್ಟಕ್ಕೆ ಹೋಗಲಿಲ್ಲ. ಮೆಟ್ಟಿಲಿನ ಬುಡದಲ್ಲಿ ನಿಂತಳು, ಯಾರೂ ಹೋಗೆನ್ನಲಿಲ್ಲ. ಹತ್ತನೆಯ ಮಾತನ್ನು ಮೋಶೆ ಒಬ್ಬನೇ ಹೇಳಿದ. ಹಿಂದಿನ ಬೆಂಚಿನ ತುದಿಯಲ್ಲಿ ದೇವು ತುಟಿ ಬಿಗಿಹಿಡಿದು ಕುಳಿತಿದ್ದ.

ಪ್ರಾರ್ಥನೆ ಸಾಗಿ, ಕದ್ದೀಶಿನ ಹೊತ್ತಿಗೆ ಸ್ಯಾಮ್ಸನ್ ಎದ್ದರು. ಪ್ರತಿ ವಾರ ನೋಡದೆ ಹೇಳುತ್ತಿದ್ದ ಮುದುಕರು ಇಂದು ಮೊದಲ ಸಾಲಿಗೇ ತಡವರಿಸಿದರು. ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. ಮೋಶೆ ಪಕ್ಕಕ್ಕೆ ಬಂದು ಸಾಲಿನ ಮೇಲೆ ಬೆರಳಿಟ್ಟ. ಮುದುಕರು ಒಂದೊಂದೇ ಮಾತನ್ನು ಎತ್ತಿ ಇಟ್ಟ ಹಾಗೆ ಹೇಳಿದರು. ಆ ಪ್ರಾರ್ಥನೆಯಲ್ಲಿ ಸಾವಿನ ಹೆಸರೇ ಇಲ್ಲ, ದೇವರ ಹೊಗಳಿಕೆ ಅಷ್ಟೆ. ಲೀಯಾಳಿಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದು ಈಗ ಎದೆಗೆ ಬಡಿಯಿತು. ಹನ್ನೊಂದು ತಿಂಗಳು ಆಗಿಯೇ ಇರಲಿಲ್ಲ. ಇದು ಮೊದಲನೆಯದು. ಮಣ್ಣು ಮಾಡಿ ಬಂದು, ಕಾಲು ತೊಳೆದು ನಿಂತು ಹೇಳುವುದು.

ಆಮೆನ್ ಎಂದರು ಎಲ್ಲರೂ.

ಕಾಕಾ ಕಪಾಟಿನ ಪರದೆ ಸರಿಸಿದ. ಸುರುಳಿಗಳು ಹೊರಬಂದವು. ಹಬ್ಬ ಹಬ್ಬವೇ, ತಡೆಯುವಂತಿಲ್ಲ. ಯಾರೋ ಹಾಡೆತ್ತಿದರು, ಚಪ್ಪಾಳೆ ಬಿತ್ತು. ಮೊದಲ ಸುತ್ತಿಗೆ ಹಾಡು ಕುಂಟಿತು. ಎರಡನೆಯ ಸುತ್ತಿಗೆ ಮೋಶೆಯೇ, ದೇವುವಿನ ಕಡೆ ನೋಡದೆ, ‘ಹಾಡುವುದಕ್ಕೆ ಎಣಿಕೆ ಇಲ್ಲ’ ಎಂದ. ದೇವು ಬಾಯಿ ಬಿಟ್ಟ. ದನಿಗಳು ಒಂದಾಗಿ ಹೆಂಚಿಗೆ ತಾಗಿದವು.

ಹನ್ನಾಬಾಯಿ ಸುರುಳಿಗೆ ಮುತ್ತಿಡಲೆಂದು ಇಳಿದು ಬಂದಳು. ಲೀಯಾ ಅವಳ ತೋಳು ಹಿಡಿದಳು. ಹಾಡಿನ ನಡುವೆ ಕೇಳಿಸಲೆಂದು ಕಿವಿಗೆ ಬಾಯಿಟ್ಟು, ಹೊಸ ಸುದ್ದಿ ಹೇಳುವವಳ ಹಾಗೆ ಹೇಳಿದಳು:

‘ಹನ್ನಾಬಾಯಿ, ನನ್ನ ಗಂಡ ಸತ್ತುಹೋದ.’

‘ಹೌದು ಮಗಾ’ ಎಂದಳು ಹನ್ನಾಬಾಯಿ. ‘ಹೌದು.’ ಲೀಯಾ ಕುಸಿಯುವ ಮೊದಲೇ ಎರಡೂ ಕೈಯಿಂದ ಅವಳನ್ನು ಹಿಡಿದುಕೊಂಡಳು.