ಒಣಗಣ್ಣಿನ ಬೀಳ್ಕೊಡುಗೆ

ನಮ್ಮ ಅಕ್ಕ ಇಂಕೊರೊನಾತಾ ಅಳಲು ನಿಂತರೆ ಸತ್ತವನೇ ಎದ್ದು ಕೂತು ಕೇಳಬೇಕು, ಹಾಗಿರುತ್ತಿತ್ತು. ಊರಲ್ಲಿ ಯಾರ ಮನೆಯಲ್ಲಿ ಹೆಣ ಬಿದ್ದರೂ ಕೂಲಿ ಕೊಟ್ಟು ಅಳಿಸಲು ಮೊದಲು ಅವಳಿಗೆ ಕರೆ, ಆಮೇಲೆ ಪಾದ್ರಿಗೆ. ತಲೆಗೂದಲು ಬಿಚ್ಚಿಕೊಂಡು, ಬಿಳಿ ಕರವಸ್ತ್ರ ಬೀಸುತ್ತಾ, ಸತ್ತವರು ಏನು ತಿನ್ನುತ್ತಿದ್ದರು, ಹೇಗೆ ನಗುತ್ತಿದ್ದರು ಎಂಬುದನ್ನೆಲ್ಲ ಹಾಡಿ ಹಾಡಿ ಅಳುತ್ತಿದ್ದಳು. ಹೆಂಡತಿಗೆ ದಿನಾ ಬಾರಿಸುತ್ತಿದ್ದ ಕಮ್ಮಾರನಿಗೂ ಅತ್ತಿದ್ದಾಳೆ, ಪುಣ್ಯಾತ್ಗಿತ್ತಿ!

ಅಮೆರಿಕದ ಹುಚ್ಚು ಹತ್ತಿದ ಮೇಲೆ ಅವಳಿಗೆ ಕೈತುಂಬ ಕೆಲಸ. ಸಮುದ್ರ ದಾಟುವವರನ್ನೂ ನಮ್ಮಲ್ಲಿ ಹಾಗೇ ಅತ್ತು ಕಳಿಸುವುದು. ಆದರೆ ಹೋಗುವವರು ಹೊಸ್ತಿಲಲ್ಲಿ ಎದುರಿಗೇ ನಿಂತಿರಬೇಕು. ಹೋದ ಮೇಲೆ ಬೆನ್ನ ಹಿಂದೆ ಅತ್ತರೆ ಬದುಕಿರುವವರಿಗೆ ಸಾವನ್ನು ಕರೆದ ಹಾಗೆ.

ಅಕ್ಕನ ಒಬ್ಬಳೇ ಮಗಳು ರೊಕ್ಕೀನಾ ಹೊರಡುವ ದಿನವೂ ಹತ್ತಿರ ಬಂತು. ಅವಳ ಗಂಡ ಸವೇರಿಯೊ ಮೊದಲೇ ಹೋಗಿ, ಅಲ್ಲಿ ರೈಲುಹಳಿಯ ಕೆಲಸ ಹಿಡಿದು ಹಡಗಿನ ಟಿಕೆಟ್ ಕಳಿಸಿದ್ದ. ಅದೇ ಹೊತ್ತಿಗೆ ನಮ್ಮೂರ ಕಾನಿಯೊ ನೇಪಲ್ಸ್ ಬಂದರಿನಿಂದಲೇ ವಾಪಸ್ ಬಂದ. ಡಾಕ್ಟರು ರೆಪ್ಪೆ ಮಗುಚಿ ನೋಡಿ, ಕಣ್ಣುಬೇನೆ ಇದೆ, ಅಮೆರಿಕದವರು ಬಿಡುವುದಿಲ್ಲ ಅಂದನಂತೆ. ಹೊಲ ಮಾರಿ ಹೋಗಿದ್ದವನು ಈಗ ಹೆಂಡದಂಗಡಿಯಲ್ಲಿ ಕೂತು ಒಂದೇ ರಾಗ: "ನಮ್ಮಮ್ಮ ಅತ್ತು ಅತ್ತು ನನ್ನನ್ನೂ ಅಳಿಸಿಬಿಟ್ಳು. ಕಣ್ಣು ಕೆಂಪಾಯ್ತು, ಹಿಡಿದುಬಿಟ್ರು." ಊರಿಗೆ ಊರೇ ನಂಬಿತು.

ಹೊರಡುವ ಹಿಂದಿನ ದಿನ ರೊಕ್ಕೀನಾ ಹೇಳಿಯೇಬಿಟ್ಟಳು: "ಅಮ್ಮ, ನಾಳೆ ನೀನು ಅಳಬೇಡ."

"ಏನಂದೆ?"

"ನೀನು ಬಾಯಿ ತೆಗೆದ್ರೆ ನನ್ನ ಕೈಲಿ ತಡ್ಕೊಳ್ಳಕ್ಕಾಗಲ್ಲ. ಕಣ್ಣು ಕೆಂಪಾದ್ರೆ ನಂಗೂ ಕಾನಿಯೊ ಗತೀನೇ."

"ಆ ಹಾಳು ಕಮ್ಮಾರನಿಗೆ ಅತ್ತಿದೀನಿ ಕಣೇ. ಹೆತ್ತ ಮಗಳಿಗೆ ಅಳಬಾರ್ದಾ? ಊರು ಏನನ್ನುತ್ತೆ?"

"ಊರು ನನ್ನನ್ನ ಗಂಡನ ಹತ್ರ ಬಿಟ್ಟುಬರುತ್ತಾ?"

ಅಕ್ಕ ಬಿಳಿ ಕರವಸ್ತ್ರ ಮಡಚಿ ಪೆಟ್ಟಿಗೆಗೆ ಹಾಕಿದಳು. ಮರುದಿನ ತಲೆ ಬಿಗಿಯಾಗಿ ಕಟ್ಟಿಕೊಂಡು, ಮಗಳ ಗಂಟಿಗೆ ರೊಟ್ಟಿ, ಕುರಿಗಿಣ್ಣು ತುರುಕಿ, "ಹುಷಾರು" ಎಂದಳು, ಅಷ್ಟೇ. ಅಳು ಕೇಳಲೆಂದು ಕಪ್ಪು ಶಾಲು ಹೊದ್ದು ಬಂದಿದ್ದ ಹೆಂಗಸರು ಪೆಚ್ಚಾಗಿ ನಿಂತರು.

"ಬಾಡಿಗೆ ಕಣ್ಣೀರು, ಮನೆಯವರಿಗೆ ಎಲ್ಲಿಂದ ಬರ್ಬೇಕು?" ಅಂದಳು ಒಬ್ಬಳು.

"ನೀನು ಸತ್ತಾಗ ನಾಯಿನೂ ಅಳಲ್ಲ, ನೋಡ್ತಿರು," ಅಂದೆ ನಾನು. ಮೈಯೆಲ್ಲ ಉರಿದುಹೋಗಿತ್ತು.

ನೇಪಲ್ಸ್‌ವರೆಗೆ ಜೊತೆಗೆ ಹೋದವಳು ನಾನೇ. ಡಾಕ್ಟರ ಸಾಲಿನಲ್ಲಿ ನಮ್ಮ ಮುಂದೆ ಕಲಾಬ್ರಿಯಾ ಸೀಮೆಯ ಒಬ್ಬ ಹುಡುಗಿ. ಅತ್ತು ಅತ್ತು ಅವಳ ಕಣ್ಣು ಟೊಮೆಟೊ ಹಣ್ಣಾಗಿತ್ತು. ಡಾಕ್ಟರು ರೆಪ್ಪೆ ಮಗುಚಿ ನೋಡಿ, "ಮುಂದೆ ಹೋಗು" ಅಂದ.

ರೊಕ್ಕೀನಾ ತಡೆಯಲಾರದೆ ಕೇಳಿದಳು: "ಸ್ವಾಮಿ, ಅವಳ ಕಣ್ಣು ಕೆಂಪಗಿತ್ತಲ್ಲ?"

"ಅತ್ತಿದಾಳೆ. ಅಳೋದೇನು ರೋಗವೇನಮ್ಮ? ಇಲ್ಲಿಗೆ ಎಲ್ಲರೂ ಅತ್ತೇ ಬರೋದು. ರೋಗ ರೆಪ್ಪೆ ಒಳಗಿರುತ್ತೆ," ಎಂದು ನಕ್ಕು, ರೊಕ್ಕೀನಾಳ ರೆಪ್ಪೆಯನ್ನೂ ನೋಡಿ ಮುಂದೆ ಬಿಟ್ಟ.

ಅವಳು ಹೊರಗೆ ಬಂದು ಗಂಟಿನ ಮೇಲೆ ಕುಸಿದು ಕೂತಳು. "ಚಿಕ್ಕಮ್ಮ, ಅಮ್ಮನಿಗೆ ಹೇಳು, ನಾನು ಪಾಸಾದೆ, ಇನ್ನು ಅಳಬಹುದು ಅಂತ," ಎನ್ನುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಊರಿಗೆ ಬಂದು ಹೇಳಿದೆ. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. "ಈಗಲೇನೇ ದೊನಾತಾ? ಮಗಳು ನೀರಿನ ಮೇಲಿದಾಳೆ. ಈಗ ಅತ್ರೆ ಸಾವಿನ ಅಳು ಆಗುತ್ತೆ," ಎಂದಳು.

ಆಮೇಲೆ ಅವಳು ಯಾರ ಮನೆಗೂ ಅಳಲು ಹೋಗಲಿಲ್ಲ. ಬಾಯಿ ತೆಗೆದರೆ ಮೊದಲು ರೊಕ್ಕೀನಾಳ ಹೆಸರೇ ಬರುತ್ತದೆಂಬ ಹೆದರಿಕೆ. ನಮ್ಮ ಸ್ವಂತ ಅಣ್ಣ ಸತ್ತಾಗಲೂ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಆ ಡಾಕ್ಟರ ಮಾತು ಒಂದು ವಾರ ಮೊದಲು ನಮ್ಮ ಕಿವಿಗೆ ಬಿದ್ದಿದ್ದರೆ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಷ್ಟೋ ವರ್ಷ ಬರೀ 'ಕ್ಷೇಮ' ಎಂಬ ಕಾಗದಗಳು ಬಂದು, ಮಹಾಯುದ್ಧ ಮುಗಿದ ಮೇಲೆ ರೊಕ್ಕೀನಾ ಒಬ್ಬಳೇ ಬಂದಳು. ತಲೆಗೆ ಹ್ಯಾಟು, ಕಾಲಿಗೆ ಬೂಟು. ಇದ್ದದ್ದೇ ನಾಲ್ಕು ದಿನ. ಅಷ್ಟು ದಿನವೂ ಮನೆ ತುಂಬ ಜನ, ಅಮೆರಿಕದ ಸುದ್ದಿ ಕೇಳಿದ್ದೇ ಕೇಳಿದ್ದು. ತಾಯಿ ಮಗಳು ಒಂದು ಗಳಿಗೆ ಒಟ್ಟಿಗೆ ಕೂರಲಿಲ್ಲ.

ಹೊರಡುವ ಬೆಳಿಗ್ಗೆ ಅವಳು ಹೊಸ್ತಿಲಲ್ಲಿ ಬಂದು ನಿಂತಳು. "ಅಮ್ಮ, ಈ ಸಲ ಅಳು. ಎಷ್ಟು ಬೇಕೋ ಅಷ್ಟು ಅಳು. ಅದಕ್ಕೇ ಬಂದಿದ್ದು ನಾನು. ನೀನು ಅತ್ತು ಕಳಿಸಲಿಲ್ಲವಲ್ಲ, ಅಲ್ಲಿಗೆ ಇನ್ನೂ ಹೋಗಿ ಮುಟ್ಟೇ ಇಲ್ಲ ಅನ್ಸುತ್ತೆ."

ಅಕ್ಕ ಕೂದಲು ಬಿಚ್ಚಿದಳು. ಕರವಸ್ತ್ರ ಎತ್ತಿ, "ನನ್ನ ಮಗಳೇ, ರೊಕ್ಕೀನಾ..." ಎಂದು ಹಳೆಯ ರಾಗ ತೆಗೆದಳು. ಅಷ್ಟಕ್ಕೇ ನಿಂತಿತು. ಮತ್ತೆ ತೆಗೆದಳು, ಮತ್ತೆ ಹೆಸರಿಗೇ ನಿಂತಿತು.

"ಏನಂತ ಹಾಡಲೇ?" ಎಂದಳು ಕೊನೆಗೆ, ಮಾಮೂಲಿ ದನಿಯಲ್ಲಿ. "ನೀನು ಈಗ ಏನು ತಿಂತೀಯೋ, ಯಾವುದಕ್ಕೆ ನಗ್ತೀಯೋ, ಹೆಸರೊಂದು ಬಿಟ್ಟು ನಿಂದೇನೂ ನಂಗೆ ಗೊತ್ತಿಲ್ವಲ್ಲೇ."

ರೊಕ್ಕೀನಾ ಗಡಿಬಿಡಿಯಿಂದ ತಾಯಿಯ ಕೈ ಹಿಡಿದುಕೊಂಡಳು. "ಹೇಳ್ತೀನಿ ಕೇಳಮ್ಮ. ನಾನು ಮನೇಲೇ ಕೂತು ಕೋಟಿಗೆ ಗುಂಡಿ ಹೊಲೀತೀನಿ. ಎರಡನೇ ಮಗು ಉಳೀಲಿಲ್ಲ, ನಿನ್ನ ಹೆಸರೇ ಇಟ್ಟಿದ್ದೆ. ಮೀನು ತಿನ್ನೋದು ಬಿಟ್ಟೆ. ನಮ್ಮ ಕೆಳಗಿನ ಮನೆಯವಳು..."

"ಅಮ್ಮಾ, ರೈಲು ತಪ್ಪಿಹೋಗುತ್ತೆ," ಎಂದು ಗಾಡಿಯವನು ಕೂಗಿದ. ಅವಳು ಹೇಳುತ್ತಲೇ ಗಾಡಿ ಹತ್ತಿದಳು. ಅಕ್ಕ ಕೂದಲು ಬಿಚ್ಚಿಕೊಂಡೇ ಪಕ್ಕದಲ್ಲಿ ಓಡುತ್ತಾ, "ಆ ಕೆಳಗಿನ ಮನೆಯವಳು ಏನು? ಏನು ಮಾಡಿದ್ಳು?" ಎಂದು ತಿರುವಿನವರೆಗೂ ಕೇಳುತ್ತಿದ್ದಳು.