ಮಾದರಿ ರಕ್ತ

ವರ್ಣತಂತು ಎಣಿಸುವ ಆ ಲ್ಯಾಬಿಗೆ ಹೊಸ ರಾಸಾಯನಿಕದ ಬಾಟಲಿ ಬಂದಾಗಲೆಲ್ಲ ಪರೀಕ್ಷೆಗೆಂದು ತೋಳು ಚಾಚುತ್ತಿದ್ದವಳು ಉದ್ದಕ್ಕ. ಆರಡಿಗೆ ಎರಡೇ ಬೆರಳು ಕಮ್ಮಿಯಿದ್ದ ಆ ಟೆಕ್ನಿಷಿಯನ್ನಿಗೆ ಜೊತೆಯವರು ಇಟ್ಟ ಹೆಸರದು. ಅವಳ ರಕ್ತವನ್ನು ಮೂರು ದಿನ ಬೆಳೆಸಿ, ಕೋಶಗಳು ಇಬ್ಭಾಗವಾಗುವ ಹೊತ್ತಿಗೆ ಸರಿಯಾಗಿ ಔಷಧಿ ಹಾಕಿ ತಡೆದು, ಗಾಜಿನ ಮೇಲೆ ಹರಡಿ, ಬಣ್ಣ ಚೆನ್ನಾಗಿ ಕೂತಿದೆಯೇ ಎಂದಷ್ಟೇ ನೋಡುತ್ತಿದ್ದರು. ಟ್ಯೂಬಿನ ಮೇಲೆ ‘ನಾರ್ಮಲ್’ ಎಂಬ ಚೀಟಿ ಇರುತ್ತಿತ್ತು. ಹನ್ನೊಂದು ವರ್ಷ ಯಾರೂ ಎಣಿಸುವ ಗೋಜಿಗೆ ಹೋಗಿರಲಿಲ್ಲ.

ಈ ಸಲ ಸೂಕ್ಷ್ಮದರ್ಶಕಕ್ಕೆ ಹೊಸ ಕ್ಯಾಮೆರಾ ಬಂದಿತ್ತು. ಯಾರೂ ಕೇಳದಿದ್ದರೂ ಅದು ತಾನೇ ಎಣಿಸಿತು. ಕೋಶವೊಂದರಲ್ಲಿ ಇರಬೇಕಾದ ವರ್ಣತಂತು ನಲವತ್ತಾರು, ಅದು ತೋರಿಸಿದ್ದು ನಲವತ್ತೇಳು.

ಯಂತ್ರಕ್ಕೆ ತಲೆ ಕೆಟ್ಟಿದೆ ಅಂದುಕೊಂಡು ಉದ್ದಕ್ಕ ಇಪ್ಪತ್ತು ಕೋಶಗಳನ್ನು ತಾನೇ ಎಣಿಸಿದಳು. ಹೆಂಗಸರಲ್ಲಿ ಎರಡಿರಬೇಕಾದ ಎಕ್ಸ್ ವರ್ಣತಂತು ಇಪ್ಪತ್ತರಲ್ಲೂ ಮೂರು. ಅವಳ ತಾಯಿಯ ಒಡಲಲ್ಲಿ ಅಂಡ ತಯಾರಾಗುವಾಗ, ಆ ಕಡೆಗೊಂದು ಈ ಕಡೆಗೊಂದು ಹೋಗಬೇಕಿದ್ದ ಜೋಡಿ ಕೈಬಿಡದೆ ಒಂದೇ ಕಡೆ ಸರಿದಿರಬೇಕು. ಇಂಥ ಎಷ್ಟೋ ವರದಿಗಳ ಕೆಳಗೆ ‘ಗಾಬರಿಪಡುವಂಥದ್ದೇನಿಲ್ಲ’ ಎಂದು ಅವಳೇ ಟೈಪ್ ಮಾಡಿದ್ದಳು.

ಲ್ಯಾಬಿನ ಡಾಕ್ಟರು ಫೋಟೋ ನೋಡಿ, ಕನ್ನಡಕ ಒರೆಸಿ, “ಗಾಬರಿಪಡುವಂಥದ್ದೇನಿಲ್ಲಮ್ಮ” ಅಂದರು. ಸಾವಿರ ಹೆಂಗಸರಲ್ಲಿ ಒಬ್ಬರಿಗೆ ಇರುತ್ತೆ, ಬಹಳ ಜನಕ್ಕೆ ಗೊತ್ತೇ ಆಗಲ್ಲ, ಕೊಂಚ ಎತ್ತರ ಬೆಳೀತಾರೆ ಅಷ್ಟೆ ಎಂದು ಸಮಾಧಾನ ಹೇಳಿದರು. ಅವಳಿಗೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಗಂಡ ಪೂರ್ತಿ ಕೇಳಿಸಿಕೊಂಡು, “ಸರಿ, ಈಗ ಏನು ಮಾಡ್ಬೇಕು?” ಎಂದ. ಏನೂ ಇಲ್ಲ ಅಂದಳು. ಅವನು ಬಟ್ಟೆ ಮಡಿಸುವುದನ್ನು ಮುಂದುವರಿಸಿದ. ಅವಳ ಭಾರ ಅರ್ಧ ಇಳಿಯಿತು. ಇನ್ನರ್ಧಕ್ಕೆ ಕಾರಣ ಹುಡುಕುತ್ತ ಕೂತಳು.

ಲ್ಯಾಬಿಗೀಗ ಬೇರೆ ಮಾದರಿ ರಕ್ತ ಬೇಕಾಯಿತು. ಡಾಕ್ಟರು ಕೇಳಿದ್ದೇ ತಡ, ಒಬ್ಬಳಿಗೆ ರಕ್ತ ಕಮ್ಮಿ, ಇನ್ನೊಬ್ಬನಿಗೆ ಸೂಜಿ ಕಂಡರಾಗದು. ದಿನವಿಡೀ ಕಂಡವರ ವರ್ಣತಂತು ಎಣಿಸುವವರಲ್ಲಿ ತಮ್ಮದನ್ನು ಎಣಿಸಲು ಕೊಡುವವರೇ ಸಿಗಲಿಲ್ಲ. ಕೊನೆಗೆ ಡಾಕ್ಟರೇ ಅಂಗಿಯ ತೋಳು ಮಡಿಚಿದರು. “ನೀನೊಬ್ಬಳೇ ನೋಡು, ಬಾಗಿಲು ಹಾಕ್ಕೊಂಡು” ಅಂದರು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಬಾಗಿಲು ಹಾಕಿಕೊಂಡು ಕೂತಳು. ಪೆನ್ ಮರೆತೆ ಎಂದು ಒಮ್ಮೆ, ಫ್ಯಾನ್ ತಿರುಗುತ್ತಿದೆಯೇ ಎಂದು ಇನ್ನೊಮ್ಮೆ ಡಾಕ್ಟರು ಇಣುಕಿದರು. ಇಪ್ಪತ್ತು ಕೋಶಗಳಲ್ಲೂ ನಲವತ್ತಾರು. ಹನ್ನೊಂದೂವರೆಗೆಲ್ಲ ಎಣಿಕೆ ಮುಗಿದಿತ್ತು.

ಮೂರನೆಯ ಸಲ ಬಂದವರಿಗೆ, “ಇನ್ನೂ ಸ್ವಲ್ಪ ಬಾಕಿ ಇದೆ ಸರ್, ಸಂಜೆ ಹೇಳ್ತೀನಿ” ಅಂದಳು.

ಡಾಕ್ಟರು ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಎರಡು ಗಂಟೆಗೆ ಅವಳಿಗೇ ಪಾಪ ಅನ್ನಿಸಿ ಹೇಳಿಬಿಟ್ಟಳು.