ನನ್ನ ಹಣೆಯ ಕುಂಕುಮ ಒರೆಸಿದ ದಿನ

ನಾನು ಒಂದು ಬೂದು ಬಣ್ಣದ ಕಾರು. ಕಾರ್ಖಾನೆಯ ಉದ್ದನೆಯ ಸಾಲಿನಲ್ಲಿ, ಕಿಡಿ ಹಾರಿಸುವ ಯಂತ್ರಗಳ ನಡುವೆ ಹುಟ್ಟಿದೆ. ಗಾಜು, ಚಕ್ರ, ಬಾಗಿಲು ಬಂದು ಕೂಡಿಕೊಳ್ಳುವ ಮೊದಲೇ ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಒಂದು ಸಾಲು ಅಕ್ಷರ, ಅಂಕಿಗಳನ್ನು ಒತ್ತಿ ಮೂಡಿಸಿದರು. ಅದು ಚಾಸಿ ನಂಬರು. ನನ್ನಂಥ ಲಕ್ಷ ಕಾರುಗಳ ನಡುವೆ ಇದು ನಾನೇ ಎಂದು ಹೇಳುವುದು ಅದೊಂದೇ. ಕೊನೆಗೆ ಮುಂದಿನ ಎರಡೂ ಸೀಟುಗಳ ಎದುರಿಗೆ ಗಾಳಿಚೀಲಗಳನ್ನು ಮಡಚಿಟ್ಟು ಮುಚ್ಚಿದರು. ಅಪಘಾತವಾದರೆ ಅವು ಉಬ್ಬಿ ಕೂತವರ ಎದೆ, ಮುಖ ಕಾಯಬೇಕು.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರು. ಅವರ ಮನೆಯಲ್ಲಿ ನಾನು ಓಡಿದ್ದಕ್ಕಿಂತ ಹೊದಿಕೆಯೊಳಗೆ ಮಲಗಿದ್ದೇ ಹೆಚ್ಚು. ಅವರು ಊರು ಬಿಟ್ಟು ಹೋಗುವಾಗ ನನ್ನನ್ನು ಮಾರಿದರು. ಕೈಯಿಂದ ಕೈಗೆ ಸಾಗಿ ರಾಣೇಬೆನ್ನೂರಿನ ಆಚೆಯ ಒಂದು ಹಳ್ಳಿಗೆ, ಫಕ್ಕೀರಪ್ಪನ ಅಂಗಳಕ್ಕೆ ಬಂದೆ. ನಿಜವಾದ ಬದುಕು ಶುರುವಾದದ್ದು ಅಲ್ಲಿ.

ಅದು ಹತ್ತಿ ಬೀಜದ ಸೀಮೆ. ಹೂವು ಅರಳುವ ಹೊತ್ತಿಗೆ ಹೆಂಗಸರು ಹೊಲದಲ್ಲಿರಬೇಕು; ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ತಾಗಿಸಬೇಕು. ಬಿಸಿಲೇರಿದರೆ ಆ ದಿನದ ಕೆಲಸ ಕೆಟ್ಟಿತು. ಫಕ್ಕೀರಪ್ಪ ಬೆಳಗಾಗುತ್ತಲೇ ಹೆಂಗಸರನ್ನು ಕೂರಿಸಿಕೊಂಡು ಹೊಲಗಳಿಗೆ ಬಿಡುತ್ತಿದ್ದ. ಅವನ ಹೆಂಡತಿ ಗಿರಿಜವ್ವ ಆ ಗುಂಪಿನ ಮುಂದಾಳು. ಮುಂದಿನ ಸೀಟು ಅವಳದು. ಬೇರೆ ಯಾರಾದರೂ ಕೂತರೆ, "ಏಳಬೇ, ಹೊಲಾ ನೀ ತೋರಸ್ತೀಯೇನು?" ಎಂದು ಎಬ್ಬಿಸುತ್ತಿದ್ದಳು.

ಮಹಾನವಮಿ ಬಂದರೆ ನನ್ನ ಪೂಜೆ. ಅದನ್ನು ಮಾಡುತ್ತಿದ್ದವಳು ಫಕ್ಕೀರಪ್ಪನ ತಾಯಿ ಸಂಕವ್ವ. ಬಾನೆಟ್ಟು ತೆಗೆಸಿ, ಆ ಒತ್ತಿದ ಅಕ್ಷರಗಳ ಸಾಲನ್ನು ನೋಡಿದ ಮೊದಲ ವರ್ಷವೇ, "ಇದ ನೋಡು ಗಾಡಿ ಹಣಿ" ಎಂದು ತೀರ್ಮಾನ ಕೊಟ್ಟಿದ್ದಳು. ಔಡಲೆಣ್ಣೆಯಲ್ಲಿ ಕುಂಕುಮ ಕಲಸಿ ಸಾಲಿನ ಉದ್ದಕ್ಕೂ ದಪ್ಪಗೆ ಬಳಿಯುವಳು. ಎಂಜಿನ್ನಿನ ಕಾವಿಗೆ ಅದು ಒಣಗಿ, ವರ್ಷದ ಮೇಲೆ ವರ್ಷ ಪದರಗಟ್ಟಿತು. ಸಂಕವ್ವ ಗಂಡನನ್ನು ಕಳೆದುಕೊಂಡವಳು. ಮದುವೆ ಮನೆಗಳಲ್ಲಿ ಅವಳ ಕೈಗೆ ಯಾರೂ ಕುಂಕುಮದ ಬಟ್ಟಲು ಕೊಡುತ್ತಿರಲಿಲ್ಲ. ನನ್ನ ಹಣೆಗೆ ಹಚ್ಚಬೇಡ ಎಂದು ಮಾತ್ರ ಯಾರೂ ಹೇಳಲಿಲ್ಲ. ಅವಳ ಬೆರಳು ತಾಗುವ ಆ ದಿನಕ್ಕೆ ನಾನೂ ಕಾಯುತ್ತಿದ್ದೆ.

ಒಂದು ಮುಂಜಾನೆ ಗುಂಪಿನ ಮಾಬುಬಿ ಓಡುತ್ತ ಬಂದಳು.

"ಅಕ್ಕಾ, ದಾವಣಗೇರಿಂದ ನಮ್ಮಣ್ಣ ಫೋನ್ ಮಾಡಿದ್ದ. ಅವಂದೂ ಇಂಥಾದ ಗಾಡಿ. ಗಾಳಿಚೀಲ ಬಿಚ್ಚಿಕೊಳ್ಳೂ ಮುಂದ ಅದರಾಗಿನ ಕಬ್ಬಣದ ಡಬ್ಬಿ ಒಡದು ಚೂರು ಸಿಡೀತಾವಂತ. ಕಂಪನಿಯವರು ಗಾಡಿ ವಾಪಸ್ ಕರಿಯಾಕತ್ತಾರಂತ. ಎಲ್ಲಾ ಗಾಡೀನೂ ಅಲ್ಲ. ಚಾಸಿ ನಂಬರ್ ಹಾಕಿ ನೋಡ್ರಿ ಅಂದ."

"ವಾಪಸ್ ಕರದು ತಿರುಗಿ ಕೊಡ್ತಾರೇನವಾ?" ಎಂದ ಫಕ್ಕೀರಪ್ಪ.

"ಹೊಸಾದು ಹಾಕಿ ಕೊಡ್ತಾರಣ್ಣಾ. ಪುಕ್ಕಟ."

"ಪುಕ್ಕಟ ಅಂದ್ಯಲ್ಲಾ, ಈಗ ಖರೇನ ಹೆದರಿಕಿ ಬಂತು."

ಗಿರಿಜವ್ವ ನಗಲಿಲ್ಲ. ಮುಂದಿನ ಬಾಗಿಲು ಹಾಕಿ ಹಿಂದೆ ಹೋಗಿ ಕೂತಳು. "ನೋಡೂತನಕಾ ನಾ ಮುಂದ ಕುಂದ್ರಂಗಿಲ್ಲ. ನಿಮ್ಮ ಎದುರಿಗೂ ಒಂದು ಐತ್ರೀ, ಆ ಸ್ಟೇರಿಂಗಿನೊಳಗ."

ಆ ದಿನ ಫಕ್ಕೀರಪ್ಪ ಕಾದ ಹಂಚು ಹಿಡಿದವನಂತೆ ಕೈ ಚಾಚಿ ನನ್ನನ್ನು ಓಡಿಸಿದ. ಹಿಂದೆ ಹೆಂಗಸರು ಒಬ್ಬರ ಮೇಲೊಬ್ಬರು ಕೂತರು. ಮುಂದಿನ ಸೀಟು ಖಾಲಿ ಇತ್ತು. ನನಗೆ ನಾಚಿಕೆಯಾಯಿತು. ಕಾಯಲೆಂದು ಕೊಟ್ಟ ಚೀಲದೊಳಗೇ ಕೊಲ್ಲುವುದು ಅಡಗಿದೆಯೋ ಏನೋ, ನನಗೂ ಗೊತ್ತಿರಲಿಲ್ಲ.

ಸಂಜೆ ಅಂಗಳದಲ್ಲಿ ಎಲ್ಲರೂ ಸೇರಿದರು. ಮಾಬುಬಿ ಫೋನಿನಲ್ಲಿ ಕಂಪನಿಯ ಪುಟ ತೆರೆದಳು. ನನ್ನ ಆರ್‌ಸಿ ಕಾರ್ಡು ಫಕ್ಕೀರಪ್ಪನ ಜೇಬಿನ ಬೆವರಿಗೆ ನಂಬರು ಕಾಣದಷ್ಟು ನುಣ್ಣಗೆ ಸವೆದಿತ್ತು. ಬಾನೆಟ್ಟು ಎತ್ತಿದರು. ನಂಬರಿನ ಜಾಗದಲ್ಲಿ ಕಂಡದ್ದು ಕರಿಗೆಂಪು ಹೆಪ್ಪು. ಫಕ್ಕೀರಪ್ಪ ಅರಿವೆ ಹಿಡಿದು ಕೈ ಚಾಚಿದವನು ಹಿಂದೆಳೆದುಕೊಂಡ.

"ಹಣೀ ಮ್ಯಾಲಿನ ಕುಂಕುಮ ಒರಸೂದಾ? ನನ್ನ ಕೈಲೆ ಆಗಂಗಿಲ್ಲ."

"ನಾನೂ ಒಲ್ಲೆ," ಎಂದಳು ಗಿರಿಜವ್ವ. ಅವಳ ಕೈ ತಾನಾಗಿಯೇ ಹಣೆಯತ್ತ ಹೋಯಿತು.

ಸಂಕವ್ವ ಕಟ್ಟೆಯಿಂದ ಇಳಿದು ಬಂದಳು. "ಒರಸಲಿಲ್ಲಂದ್ರ ಏನಾಕ್ಕೈತಿ?"

"ಕೆಟ್ಟದ್ದು ಐತೋ ಇಲ್ಲೋ ಗೊತ್ತಾಗಂಗಿಲ್ರೀ ಅತ್ತಿ."

"ಸಿಡದ್ರ ಯಾರ ಮುಂದ ಸಿಡೀತೈತಿ?"

"ನನ್ನ ಮುಂದ. ನಿಮ್ಮ ಮಗನ ಮುಂದ."

ಮುದುಕಿ ಮಗನ ಕೈಯಿಂದ ಅರಿವೆ ಕಸಿದುಕೊಂಡಳು.

"ನನ್ನ ಹಣೀದು ಒರಸೂ ಮುಂದ ಯಾರೂ ನನ್ನ ಕೇಳಲಿಲ್ಲ. ಇದನ್ನ ನಾನ ಹಚ್ಚೀನಿ, ನಾನ ಒರಸ್ತೀನಿ. ನನ್ನ ಸೊಸಿ ಹಣ್ಯಾಗ ಕುಂಕುಮ ಉಳೀಲಿ ಅಂತ ಒರಸ್ತೀನಿ. ಚಿಮಣಿ ಎಣ್ಣಿ ತಗೊಂಬಾ ಗಿರಿಜಾ."

ಉಜ್ಜಿದಳು, ಉಗುರಿನಿಂದ ಕೆರೆದಳು, ಮತ್ತೆ ಉಜ್ಜಿದಳು. ಹುಟ್ಟಿದ ದಿನದ ನನ್ನ ಅಂಕಿಗಳು ಗಾಳಿ ಕಂಡವು. ಗಿರಿಜವ್ವ ಒಂದೊಂದಾಗಿ ಓದಿದಳು, ಮಾಬುಬಿ ಒತ್ತಿದಳು. ಫೋನಿನಲ್ಲಿ ಕೆಂಪು ಗುರುತು ಬಂತು: ಈ ವಾಹನದ ಗಾಳಿಚೀಲಗಳನ್ನು ಬದಲಿಸಬೇಕು, ಕೆಲಸ ಬಾಕಿ ಇದೆ.

ಫಕ್ಕೀರಪ್ಪ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಸಂಕವ್ವ ಮಾತ್ರ ಅರಿವೆ ಝಾಡಿಸಿ, "ಕುಂತ್ರ ಆತೇನು? ನಾಳೆ ತಗೊಂಡು ಹೋಗು" ಎಂದಳು.

ದಾವಣಗೆರೆಯ ಸರ್ವೀಸ್ ಸೆಂಟರಿನಲ್ಲಿ ಮೆಕ್ಯಾನಿಕ್ಕುಗಳು ನನ್ನ ಎದೆ ಬಿಚ್ಚಿದರು. ಎಲ್ಲಿ ನನ್ನನ್ನು ಇಟ್ಟುಕೊಂಡುಬಿಡುತ್ತಾರೋ ಎಂದು ಫಕ್ಕೀರಪ್ಪ ಕುರ್ಚಿ ಕೊಟ್ಟರೂ ಕೂರದೆ ಗಾಜಿಗೆ ಮೂಗೊತ್ತಿ ನಿಂತಿದ್ದ. ಹಳೆಯ ಚೀಲಗಳು ಹೋಗಿ ಹೊಸವು ಬಂದವು. ಒಂದು ಪೈಸೆಯನ್ನೂ ಕೇಳಲಿಲ್ಲ. ಜೊತೆಗೆ ಬಂದಿದ್ದ ಗಿರಿಜವ್ವ ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಬೆಲ್ಟು ಹಾಕಿಕೊಂಡು, "ಹಾಕ್ಕೋರಿ ನೀವೂ" ಎಂದು ಗಂಡನನ್ನು ಗದರಿದಳು. ಊರ ಅಗಸೆಬಾಗಿಲಿನಿಂದ ಅಂಗಳದವರೆಗೆ ಹಾರ್ನಿನ ಮೇಲಿನ ಕೈಯನ್ನು ಫಕ್ಕೀರಪ್ಪ ತೆಗೆಯಲೇ ಇಲ್ಲ. ಅಷ್ಟು ಗಟ್ಟಿಯಾಗಿ ನಾನು ಹಿಂದೆಂದೂ ಕೂಗಿರಲಿಲ್ಲ.

ಆ ವಾರ ಊರಲ್ಲಿದ್ದ ಎಲ್ಲ ಕಾರುಗಳ ಬಾನೆಟ್ಟುಗಳೂ ಎದ್ದವು. ಸಂಕವ್ವ ಅರಿವೆ ಹಿಡಿದು ಮುಂದೆ, ಮಾಬುಬಿ ಫೋನು ಹಿಡಿದು ಹಿಂದೆ. ಅಂಜುವವರನ್ನು ಕಂಡರೆ ಮುದುಕಿ, "ಸರಿ ಆಕಡೆ, ಗಂಡಸಾಗಿ ನಡಗ್ತಾನ ನೋಡು" ಎಂದು ತಳ್ಳುತ್ತಿದ್ದಳು. ನನ್ನ ಜಾತಿಯ ಇನ್ನೊಂದು ಕಾರಿಗೂ ಕೆಂಪು ಗುರುತು ಬಂತು. ಅದೂ ದಾವಣಗೆರೆಗೆ ಹೋಗಿ ಬಂತು.

ಎರಡು ಹಂಗಾಮು ಕಳೆದವು. ಹೆಂಗಸರನ್ನು ಹೊಲಕ್ಕೆ ಬಿಟ್ಟು ಗಂಡಹೆಂಡತಿ ಇಬ್ಬರೇ ಬೀಜದ ಆಫೀಸಿಗೆ ಹೊರಟಿದ್ದರು. ಗೋವಿನಜೋಳದ ಹೊಲದಿಂದ ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಫಕ್ಕೀರಪ್ಪ ಸ್ಟೇರಿಂಗ್ ತಿರುಗಿಸಿದ. ನಾನು ಕಾಲುವೆಯ ಸೇತುವೆಯ ಕಲ್ಲಿಗೆ ಹೋಗಿ ಬಡಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನನ್ನ ಎದೆಯಿಂದ ಎರಡು ಬಿಳಿಯ ಚೀಲಗಳು ಚಿಮ್ಮಿ, ಉಬ್ಬಿ, ಇಬ್ಬರನ್ನೂ ತಡೆದು ಹಿಡಿದವು. ಒಂದು ಚೂರೂ ಸಿಡಿಯಲಿಲ್ಲ.

ಆಮೇಲೆ ಬಾಗಿಲು ಕಿರುಗುಟ್ಟಿತು. ಗಿರಿಜವ್ವ ಇಳಿದಳು. ಮುಖದ ತುಂಬ ಚೀಲದೊಳಗಿನ ಬಿಳಿ ಪುಡಿ.

"ಯಾರದಬೇ ಈ ಎಮ್ಮಿ?" ಎಂದು ಇಡೀ ಬಯಲಿಗೆ ಕೇಳುವಂತೆ ಕೂಗಿದಳು. "ಕಟ್ಟಾಕ ಹಗ್ಗ ಇಲ್ಲೇನು ನಿಮ್ಮ ಮನ್ಯಾಗ?"

ಆಚೆ ಬದಿಯಿಂದ ಫಕ್ಕೀರಪ್ಪ ಮೂಗು ಹಿಡಿದುಕೊಂಡು ಇಳಿದ. ಹೆಂಡತಿಯ ಬೈಗುಳ ಕೇಳುತ್ತ, ಸೇತುವೆಯ ಮೇಲೆ ಕೂತು, ನಕ್ಕ.

ನನ್ನ ಬೆನ್ನು ಬಾಗಿತ್ತು. ಮತ್ತೆ ರಸ್ತೆಗೆ ಬರಲಾಗಲಿಲ್ಲ. ಈಗ ಕಣದ ಮೂಲೆಯಲ್ಲಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ. ಗುಜರಿಯವನು ಬಂದು ಬಗ್ಗಿ ನೋಡಿ, ಜೋತುಬಿದ್ದ ಚೀಲಗಳನ್ನು ಮುಟ್ಟಿ, "ಇವು ಖಾಲಿ ಅದಾವಲ್ಲ" ಎಂದ.

"ಖಾಲಿ ಆಗಿದ್ದಕ್ಕ ನಾವು ಅದೀವಪ್ಪಾ," ಎಂದಳು ಗಿರಿಜವ್ವ, ಹೊಲಕ್ಕೆ ಹೊರಟು ನಿಂತವಳು.

ವರ್ಷಗಟ್ಟಲೆ ಓಡಿದ ಕಾರು ನಾನು. ಆದರೂ ನನ್ನ ಬದುಕೆಂದರೆ ಆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಆ ಹೊತ್ತಿನಲ್ಲಿ ನಾನು ಸರಿಯಾಗಿದ್ದೆ.